ಅರ ಹಿಡಿದ ಕೈ

ಹೋದ ವಾರ ಶಿಕಾರಿಪುರದಲ್ಲಿ, ನಮ್ಮ ಅಂಗಡಿ ಇರುವ ಬೀದಿಯ ಲೈಟು ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದರು. ಬೀಗದ ಕೀ ಮಾಡಿಕೊಡುತ್ತಿದ್ದ ಮುದುಕನೊಬ್ಬ ತೀರಿಕೊಂಡಿದ್ದ. ಫೋಟೊದಲ್ಲಿ ಹೆಗಲಿಗೆ ಶಾಲು ಹೊದ್ದು ನಗುತ್ತಿದ್ದಾನೆ. ಕೆಳಗೆ, ‘ಅಪರೂಪದ ಕುಶಲಕರ್ಮಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಕೆಂಪು ಅಕ್ಷರ. ಅದರ ಕೆಳಗೆ ಬೀದಿಯ ವರ್ತಕರ ಹೆಸರುಗಳು, ಅವುಗಳ ನಡುವೆ ನನ್ನ ಗಂಡನ ಹೆಸರು. ಓದಿ ಮುಗಿಸುವಷ್ಟರಲ್ಲಿ ನನ್ನ ಬಾಯಿತುಂಬ ಹುಳಿನೀರು ಬಂದಿತ್ತು.

‘ಸತ್ತವರ ಮ್ಯಾಲೆ ಎಂಥಾ ಸಿಟ್ಟು ಬಿಡು’ ಅಂದರು ನಮ್ಮನೆಯವರು. ಸಿಟ್ಟಾಗಿದ್ದರೆ ಎಂದೋ ಆರಿಹೋಗುತ್ತಿತ್ತು. ಇದು ಹೇಸಿಗೆ. ಹೇಸಿಗೆಗೆ ಆರುವ ಗುಣವಿಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಕಾಲಕ್ಕೆ ಅವನನ್ನು ‘ಬರ್ರಿ, ಕೂಡ್ರಿ’ ಎಂದು ಬಹುವಚನದಲ್ಲೇ ಮಾತಾಡಿಸಿದ್ದೇನೆ, ಅಂಗಡಿಯ ಸ್ಟೂಲು ಕೊಟ್ಟಿದ್ದೇನೆ, ನಮ್ಮ ಫ್ಲಾಸ್ಕಿನ ಚಹಾ ಕುಡಿಸಿದ್ದೇನೆ. ಈಗ ಏಕವಚನವೇ ಸಾಕು.

ನಮ್ಮದು ಹಾರ್ಡ್‌ವೇರ್ ಅಂಗಡಿ. ಗೋಡೌನು, ಲೋಡು, ಹಳ್ಳಿಗಳ ಓಡಾಟವೆಲ್ಲ ನಮ್ಮನೆಯವರದು. ಕೌಂಟರು ಮೊದಲಿನಿಂದಲೂ ನನ್ನದು. ಅಂಗಡಿಯ ಪಕ್ಕದ ಸಂದಿನಲ್ಲಿ ತಗಡಿನ ಒಂದು ಡಬ್ಬಿಯಂಗಡಿ ಇಟ್ಟುಕೊಂಡು ಅವನು ಕೂರುತ್ತಿದ್ದ. ಮುಂದೆ ಕೀಯನ್ನು ಕಚ್ಚಿ ಹಿಡಿಯುವ ಒಂದು ಸಣ್ಣ ವೈಸು, ಮೇಲಿನ ಹಲಗೆಯಲ್ಲಿ ಸಾಲಾಗಿ ಲೋಹ ಉಜ್ಜುವ ಅರಗಳು. ಚಪ್ಪಟೆ ಅರ, ಮೂರು ಮೂಲೆಯ ಅರ, ಇಲಿಬಾಲದಂಥ ದುಂಡು ಅರ, ಕೀಯ ಹಲ್ಲಿನ ಸಂದಿಗೆ ಇಳಿಯುವ ಕಾಗದದಷ್ಟು ತೆಳುವಾದ ಅರ. ಒಂದಕ್ಕೊಂದು ತಾಗಬಾರದೆಂದು ಪ್ರತಿಯೊಂದಕ್ಕೂ ಬಟ್ಟೆಯ ಬೇರೆ ಬೇರೆ ಜೇಬು ಹೊಲಿಸಿದ್ದ. ಅರಕ್ಕೆ ಅರ ತಾಗಿದರೆ ಎರಡರ ಹಲ್ಲೂ ಹೋಗುತ್ತವೆ ಅನ್ನುತ್ತಿದ್ದ.

ಹೊಸ ಅರ ಬೇಕಾದಾಗ ನಮ್ಮ ಕೌಂಟರಿಗೆ ಬರುತ್ತಿದ್ದ. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ಕೂರುವುದಿಲ್ಲ. ಎಣ್ಣೆಕಾಗದ ಬಿಚ್ಚಿ, ಅರವನ್ನು ಕಣ್ಣಿನ ನೇರಕ್ಕೆ ಹಿಡಿದು ಡೊಂಕಿದೆಯಾ ನೋಡುವನು. ಬೆಳಕಿಗೆ ಓರೆ ಮಾಡಿ ಹಲ್ಲಿನ ತುದಿ ಮಿಂಚುತ್ತದೆಯಾ ನೋಡುವನು. ಮಿಂಚಿದರೆ ಆಗಲೇ ಸವೆದಿದೆ ಎಂದರ್ಥ. ಕಲ್ಲಿನ ಮೇಲೆ ಮೆಲ್ಲಗೆ ತಟ್ಟಿ, ಬಿರುಕಿದೆಯಾ ಎಂದು ಸದ್ದು ಕೇಳುವನು. ಕೊನೆಗೆ ಹೆಬ್ಬೆರಳಿನ ಉಗುರನ್ನು ಹಲ್ಲಿನ ಸಾಲಿನ ಮೇಲೆ ಎಳೆದು, ಬಹುತೇಕ ಸಲ ತಲೆ ಅಲ್ಲಾಡಿಸುವನು.

‘ಇದು ಬ್ಯಾಡ್ರಿ. ಮೆಕ್ಕೆಜೋಳದ ತೆನಿಯಾಗ ಒಂದು ಸಾಲು ಕಾಳು ಕೂತಿಲ್ದಂಗ ಐತಿ. ಬ್ಯಾರೆ ತಗೀರಿ.’

ಅರದ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಅವನಿಂದ ಬಂದದ್ದು. ಹೊಸ ಅರವನ್ನು ಮೊದಲು ಹಿತ್ತಾಳೆಗೆ ಹಾಕಬೇಕು, ಹರಿತ ಸ್ವಲ್ಪ ಇಳಿದ ಮೇಲೆ ಉಕ್ಕಿಗೆ. ಹಿಂದುಮುಂದಾದರೆ ಅರ ಹಿತ್ತಾಳೆಯ ಮೇಲೆ ಜಾರುತ್ತದೆ. ಮೊದಲು ಒರಟು, ಆಮೇಲೆ ನಯ. ಒರಟು ಅರ ಮಾಡಿದ ಗೀರನ್ನು ನಯ ಅರ ಅಳಿಸಬೇಕೇ ಹೊರತು ಆಕಾರ ತಿದ್ದಲು ಹೋಗಬಾರದು. ಹಲ್ಲಿನ ನಡುವೆ ಪುಡಿ ಕಚ್ಚಿಕೊಳ್ಳದಂತೆ ಸೀಮೆಸುಣ್ಣ ಬಳಿಯಬೇಕು. ಎಣ್ಣೆಯ ಕೈಯಲ್ಲಿ ಮುಟ್ಟಬಾರದು. ಅವನದೊಂದು ಮಾತಂತೂ ನಮ್ಮ ಬೀದಿಯಲ್ಲಿ ಗಾದೆಯೇ ಆಗಿಬಿಟ್ಟಿತ್ತು: ‘ಅರ ಮುಂದಕ್ಕೆ ಹೋಗ್ವಾಗ ಉಣ್ಬೇಕು, ಹಿಂದಕ್ಕೆ ಬರ್ವಾಗ ಉಪಾಸ ಇರ್ಬೇಕು.’ ಮುಂದೆ ತಳ್ಳುವಾಗ ಮಾತ್ರ ಒತ್ತಡ, ಹಿಂದೆಳೆಯುವಾಗ ಎತ್ತಿ ತರಬೇಕು, ಇಲ್ಲದಿದ್ದರೆ ಹಲ್ಲು ಮೊಂಡಾಗುತ್ತದೆ ಎಂದು ಅದರ ಅರ್ಥ. ಈಗಲೂ ಐಟಿಐ ಓದುವ ಹುಡುಗರು ಅರ ಕೊಳ್ಳಲು ಬಂದರೆ ಇದನ್ನೇ ಹೇಳುತ್ತೇನೆ. ಹೇಳಿದ ಮೇಲೆ, ಅವನ ಎಂಜಲು ನನ್ನ ನಾಲಗೆಯ ಮೇಲೆ ಬಂದ ಹಾಗೆ ಅನ್ನಿಸಿ ನೀರು ಕುಡಿಯುತ್ತೇನೆ.

ನನ್ನ ಅಕ್ಕ ಸೊರಬದಲ್ಲಿದ್ದಾಳೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಕುಪ್ಪಗಡ್ಡೆ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ವಾಪಸು. ಒಂದು ಸಲ ಬಸ್ಸಿನ ನೂಕುನುಗ್ಗಲಿನಲ್ಲಿ ಮನೆಯ ಕೀ ಕಳೆದುಕೊಂಡಳು. ಅವಳ ಮನೆಯದು ಬಾಗಿಲಿನೊಳಗೇ ಕೂರಿಸಿದ, ಒಳಗಿನಿಂದಲೂ ಹೊರಗಿನಿಂದಲೂ ಕೀ ಹಾಕುವಂಥ ಬೀಗ. ಬಾಗಿಲು ಒಡೆಸುವುದೇಕೆಂದು, ಸೊರಬದ ಸಂತೆಗೆ ವಾರವಾರ ಹೋಗಿ ಕೂರುತ್ತಿದ್ದ ಇವನನ್ನೇ ಕರೆದುಕೊಂಡು ಹೋದೆ.

ಅವತ್ತು ಅವನ ಕೆಲಸ ನೋಡಿ ಅಕ್ಕ, ನಾನು ಇಬ್ಬರೂ ಬೆರಗಾದೆವು. ಹಲ್ಲಿಲ್ಲದ ಖಾಲಿ ಕೀಯೊಂದನ್ನು ಮೇಣದಬತ್ತಿಯ ಮೇಲೆ ಹಿಡಿದು ಕಪ್ಪು ಮಾಡಿದ. ಬೀಗದೊಳಗೆ ಹಾಕಿ ಒತ್ತಿ ತಿರುಗಿಸಿ ಹೊರಗೆ ತೆಗೆದ. ಮಸಿ ಅಳಿಸಿದಲ್ಲಿ ಸಾಸಿವೆಕಾಳಿನಷ್ಟು ಹೊಳಪು. ಅಷ್ಟೇ ಜಾಗಕ್ಕೆ ತೆಳು ಅರ ಆಡಿಸಿದ. ಮತ್ತೆ ಮಸಿ, ಮತ್ತೆ ಬೀಗದೊಳಗೆ, ಮತ್ತೆ ಅರ. ಕಣ್ಣು ಮುಚ್ಚಿಕೊಂಡು ಬೀಗದ ಒಳಗನ್ನು ಬೆರಳಿನಲ್ಲಿ ನೋಡುತ್ತಿದ್ದವನಂತೆ ಕೂತಿದ್ದ. ಬಾಗಿಲು ತೆರೆದಾಗ ಅಕ್ಕ ಚಪ್ಪಾಳೆ ತಟ್ಟಿಬಿಟ್ಟಳು. ಒಳಗೆ ಕರೆದು ಕಾಫಿ ಕೊಟ್ಟಳು. ಅವನು ಕಾಫಿ ಹೀರುತ್ತಾ ಗೋಡೆ, ಗೂಡು, ಭಾವನ ಆರಾಮಕುರ್ಚಿ ಎಲ್ಲ ನಿಧಾನವಾಗಿ ನೋಡಿದ.

‘ಮನಿ ಭಾಳ ಚೊಕ್ಕ ಇಟ್ಟೀರಿ ಅಕ್ಕಾರ. ಕೂತ್ರೆ ಏಳಂಗೇ ಆಗಲ್ಲ’ ಅಂದ.

ನಾವು ಅದನ್ನು ಹೊಗಳಿಕೆ ಎಂದುಕೊಂಡೆವು.

ಅದಾಗಿ ಕೆಲವು ತಿಂಗಳಿಗೆ ಅಕ್ಕನ ಫೋನುಗಳು ಶುರುವಾದವು. ಬೆಳಿಗ್ಗೆ ಮುಚ್ಚಿಟ್ಟು ಹೋದ ಮೊಸರಿನ ಪಾತ್ರೆ ಸಂಜೆ ಅರ್ಧ ಆಗಿದೆ. ಮಡಚಿಟ್ಟ ಹೊದಿಕೆಯ ಮಡಿಕೆ ಬೇರೆ ಥರ ಇದೆ. ದಿಂಬಿಗೆ ಹರಳೆಣ್ಣೆ ವಾಸನೆ. ಬಾಚಣಿಗೆಯಲ್ಲಿ ಒಂದು ಮೋಟು ಬಿಳಿ ಕೂದಲು. ಹಾಸಿಗೆಯ ಮೇಲೆ ಆಗಾಗ ಸಣ್ಣ ರವೆಯಂಥ ಬಿಳಿ ಪುಡಿ.

‘ಸುಣ್ಣ ಉದುರ್ತಿರ್ಬೇಕು ಕಣೇ ಅಕ್ಕ’ ಅಂದೆ.

‘ಸುಣ್ಣ ಮಂಚದ ಮೇಲಷ್ಟೇ ಉದುರುತ್ತದೇನೇ? ಎಂತಕೆ?’

ಬೀಗ ಸರಿಯಾಗಿತ್ತು, ಹಿತ್ತಲ ಬಾಗಿಲ ಅಗುಳಿ ಹಾಕಿದಂತೇ ಇತ್ತು. ಒಂದು ಚಮಚವೂ ಕಳುವಾಗಿರಲಿಲ್ಲ. ಹಾಗಾದ ಮೇಲೆ ಬೇರೆಯವರು ಏನಂದಾರು? ಪಕ್ಕದ ಮನೆಯವರು ಗಾಳಿ ಸೋಕಿದೆ ಅಂದರು. ಶಾಲೆಯಲ್ಲಿ ‘ಟೀಚರಿಗೆ ಮರೆವು’ ಅಂದರು. ನಮ್ಮನೆಯವರು, ‘ಒಬ್ಬರೇ ಇದ್ದೂ ಇದ್ದೂ ಹಂಗಾಗೈತಿ, ಶಿವಮೊಗ್ಗದಾಗ ಡಾಕ್ಟ್ರಿಗೆ ತೋರಿಸು’ ಅಂದರು. ಡಾಕ್ಟರು ಮಾತಾಡಿಸಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ತಿಂದು ಅಕ್ಕ ಮಂಕಾದಳು. ಮಗ್ಗಿ ಹೇಳಿಸುವಾಗ ನಡುವೆ ನಿಂತು, ‘ನಾನು ಈಗ ಎಂತ ಅಂದೆ?’ ಎಂದು ಮಕ್ಕಳನ್ನೇ ಕೇಳುತ್ತಿದ್ದಳಂತೆ. ಮನೆಯಲ್ಲಿ ಏನು ಮಾಡಿದರೂ ಬಾಯಿಬಿಟ್ಟು ಹೇಳಿಕೊಳ್ಳುವ ಅಭ್ಯಾಸ ಬಂತು: ‘ಮೊಸರು ಮುಚ್ಚಿದೆ. ಮುಚ್ಚಿದೆ ನಾನು.’

ಒಂದು ದಿನ ಫೋನು ಮಾಡಿ ಹೇಳಿದಳು: ‘ನಾನು ಸ್ವಯಂನಿವೃತ್ತಿ ತಗೋತೀನಿ ಕಣೇ. ಮಕ್ಕಳ ಮುಂದೆ ಹುಚ್ಚಿ ಅನ್ನಿಸ್ಕೊಳೋಕಿಂತ ಮೊದ್ಲೇ ಹೋಗೋದು ಒಳ್ಳೇದು.’

ಇದೆಲ್ಲವನ್ನೂ ನಾನು ಕೌಂಟರಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದ ಡಬ್ಬಿಯಂಗಡಿಗೆ ಎಲ್ಲ ಕೇಳುತ್ತಿತ್ತು. ಅರ ಆಡುವ ಸದ್ದು ಆಗ ನಿಲ್ಲುತ್ತಿತ್ತು. ಫೋನಿಟ್ಟ ಮೇಲೆ ಅವನು ಇಣುಕಿ, ‘ಅಕ್ಕಾರು ಹ್ಯಾಂಗದಾರ್ರೀ ಈಗ?’ ಎಂದು ಕೇಳುತ್ತಿದ್ದ. ಸ್ವಂತ ತಂಗಿಯ ಬಗ್ಗೆ ಕೇಳಿದಂತೆ ಕೇಳುತ್ತಿದ್ದ. ಒಮ್ಮೆ ಬಾಳೆಲೆಯಲ್ಲಿ ಒಂದೆಲಗ ಸುತ್ತಿ ತಂದುಕೊಟ್ಟ.

‘ನೆನಪಿನ ಶಕ್ತಿಗೆ ಇದರಂಥದ್ದು ಇನ್ನೊಂದಿಲ್ರಿ. ತಂಬುಳಿ ಮಾಡಿ ಉಣ್ಣಾಕ ಹೇಳ್ರಿ ಅಕ್ಕಾರಿಗೆ.’

ನಾನು ಅದನ್ನು ಸೊರಬಕ್ಕೆ ಒಯ್ದು ಕೊಟ್ಟೆ. ಅಕ್ಕ ತಂಬುಳಿ ಮಾಡಿ ಉಂಡಳು.

ನಿವೃತ್ತಿಯ ಅರ್ಜಿ ಕೊಡಬೇಕೆಂದಿದ್ದ ದಿನ ನಾನು ಅವಳ ಜೊತೆಗಿರಲೆಂದು ಬೆಳಿಗ್ಗೆಯೇ ಸೊರಬಕ್ಕೆ ಹೋಗಿ, ಅಲ್ಲಿಂದ ಇಬ್ಬರೂ ಶಾಲೆಗೆ ಹೋದೆವು. ಯಾರೋ ದೊಡ್ಡವರು ತೀರಿಕೊಂಡರೆಂದು ರಜೆ ಘೋಷಣೆಯಾಗಿ ಮಕ್ಕಳು ಆಗಲೇ ಮನೆಗೆ ಹೊರಟಿದ್ದರು. ಹೆಡ್‌ಮಾಸ್ತರರು ‘ನಾಳೆ ಕೊಡಿ ಮೇಡಮ್’ ಅಂದರು. ನಾವು ಸಿಕ್ಕ ಬಸ್ಸು ಹತ್ತಿ ವಾಪಸು ಬಂದೆವು. ಸೊರಬದಲ್ಲಿ ಅವತ್ತು ಸಂತೆ. ಅದರ ನಡುವೆಯೇ ನಡೆದು ಮನೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಾಗಿಲು ಹಾಕಿದಂತೇ ಇತ್ತು. ಅಕ್ಕ ಕೀ ತಿರುಗಿಸಿದಳು.

ನಡುಮನೆಯಲ್ಲಿ ಭಾವನ ಆರಾಮಕುರ್ಚಿಯಲ್ಲಿ ಅವನು ಕೂತಿದ್ದ. ಭಾವನ ಪಂಚೆ ಉಟ್ಟಿದ್ದ. ಅಕ್ಕ ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ ಮದುವೆಯ ಪಂಚೆ ಅದು. ಪಕ್ಕದಲ್ಲಿ ಅಕ್ಕನ ಊಟದ ತಟ್ಟೆ, ಅದರಲ್ಲಿ ಕಲಸಿ ಬಿಟ್ಟ ಮೊಸರನ್ನ. ಅಕ್ಕನ ಕಾಫಿ ಲೋಟದಲ್ಲಿ ನೀರು, ನೀರೊಳಗೆ ಅವನು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಅಕ್ಕನ ದಿಂಬು, ದಿಂಬಿನ ಮೇಲೆ ಅವನ ಎಡಗಾಲು. ಒಡೆದ ಹಿಮ್ಮಡಿಯನ್ನು ಅವನು ಅರದಿಂದ ಉಜ್ಜುತ್ತಿದ್ದ. ಅದೇ ಶ್ರದ್ಧೆ, ಅದೇ ಕಣ್ಣು ಮುಚ್ಚಿದ ಮುಖ. ಮುಂದಕ್ಕೆ ಒತ್ತಿ, ಹಿಂದಕ್ಕೆ ಎತ್ತಿ. ದಿಂಬಿನ ಮೇಲೆಲ್ಲ ಬಿಳಿ ಪುಡಿ.

ಆ ಪುಡಿಯನ್ನು ಅಕ್ಕ ನನಗೆ ಅಂಗೈಯಲ್ಲಿ ಹಿಡಿದು ತೋರಿಸಿದ್ದಳು. ನಾನು ಬೆರಳಿನಲ್ಲಿ ತಿಕ್ಕಿ ನೋಡಿ, ಮೂಸಿಯೂ ನೋಡಿದ್ದೆ.

ನಮ್ಮನ್ನು ನೋಡಿ ಅವನು ಗಾಬರಿಯಾಗಲಿಲ್ಲ. ಲೋಟದಿಂದ ಹಲ್ಲು ತೆಗೆದು ಬಾಯಿಗೆ ಹಾಕಿಕೊಂಡ.

‘ಬಂದ್ರ್ಯಾ? ಬಿಸ್ಲು ಭಾಳ ಐತಿ. ಕೂಡ್ರಿ’ ಅಂದ. ಅಕ್ಕನ ಮನೆಯಲ್ಲಿ, ಅಕ್ಕನಿಗೆ.

ಅವನೇ ಮುಂದುವರಿಸಿದ: ‘ಏನೂ ಮುಟ್ಟಿಲ್ರಿ. ಬೇಕಾರೆ ಎಲ್ಲ ನೋಡ್ಕೊಳ್ರಿ. ನಾ ಕಳ್ಳ ಅಲ್ಲ.’

ಅಕ್ಕ ಚೀಲ ನೆಲಕ್ಕೆ ಬಿಟ್ಟು ಹೊಸಿಲ ಮೇಲೆ ಕೂತಳು. ಅಳುತ್ತಾಳೆ ಅಂದುಕೊಂಡೆ. ಅವಳು ನಗುತ್ತಿದ್ದಳು.

‘ಹಂಗಾರೆ ನಂಗೆ ಮರೆವಿಲ್ಲ ಕಣೇ. ಮೊಸರು ನಾನು ಮುಚ್ಚಿಟ್ಟಿದ್ದೇ ಹೌದು. ನಂಗೆ ತಲೆ ಕೆಟ್ಟಿಲ್ಲ’ ಅಂದಳು.

‘ಅದು ನಂಗ ಗೊತ್ತಿತ್ತು ಬಿಡ್ರಿ’ ಅಂದ ಅವನು, ಸಮಾಧಾನ ಮಾಡುವವನ ಹಾಗೆ.

ಆ ಮಾತು ಕೇಳಿದ ಮೇಲೆ ನಾನು ಕೂಗಾಡತೊಡಗಿದೆ. ಏನೇನು ಅಂದೆನೋ ನೆನಪಿಲ್ಲ. ಅಕ್ಕಪಕ್ಕದವರು ಓಡಿಬಂದರು. ಅವನು ಕೋಣೆಗೆ ಹೋಗಿ ಪಂಚೆ ಬದಲಿಸಿ, ಅದನ್ನು ನೀಟಾಗಿ ಮಡಚಿ ಕುರ್ಚಿಯ ಮೇಲಿಟ್ಟು, ಅರವನ್ನು ಸಣ್ಣ ಬ್ರಷ್ಷಿನಿಂದ ಒರೆಸಿ ಅದರ ಜೇಬಿಗೆ ಸೇರಿಸಿ ಹೊರಟ.

ಪೊಲೀಸರಿಗೆ ಹೇಳೋಣ ಎಂದರೆ ಅಕ್ಕ ಒಪ್ಪಲಿಲ್ಲ. ‘ನನ್ನ ದಿಂಬು, ನನ್ನ ಬಾಚಣಿಗೆ ಅಂತ ಗಂಡಸರ ಮುಂದೆ ಒಂದೊಂದೇ ಹೇಳ್ತಾ ನಿಲ್ಲೋಕೆ ನನ್ನ ಕೈಲಿ ಆಗೂದಿಲ್ಲ’ ಅಂದಳು. ಆದರೆ ಮಾರನೆಯ ಬೆಳಿಗ್ಗೆ ಅವಳೇ ಶಿಕಾರಿಪುರದ ಬಸ್ಸು ಹತ್ತಿದಳು. ಮಾತ್ರೆಗಳನ್ನು ಹಿತ್ತಲಿಗೆ ಎಸೆದು ಬಂದಿದ್ದಳು, ಕಣ್ಣಿನಲ್ಲಿ ಬೆಳಕಿತ್ತು. ನೇರ ಡಬ್ಬಿಯಂಗಡಿಯ ಮುಂದೆ ನಿಂತು, ತರಗತಿಯ ಸ್ವರದಲ್ಲಿ ಕೇಳಿದಳು: ‘ನಮ್ಮನೆ ಕೀ ಕೊಡಿ.’

ಅವನು ಅರ ಆಡುವುದನ್ನು ನಿಲ್ಲಿಸದೆ, ಕಾಲ ಬಳಿಯಿದ್ದ ಬಿಸ್ಕತ್ತಿನ ಡಬ್ಬಿಯೊಳಗೆ ಕೈಹಾಕಿ ತಂತಿಗೆ ಪೋಣಿಸಿದ ಕೀಗಳ ದೊಡ್ಡ ಗೊಂಚಲು ತೆಗೆದ. ಸಂತೆಯ ಮೆಣಸಿನಕಾಯಿ ಸರದಂತಿತ್ತು. ಒಂದೊಂದೇ ಕೀಯ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಹೋಗಿ ಒಂದರ ಬಳಿ ನಿಂತ. ‘ಇದು ನಿಮ್ದು.’

ಜನ ಸೇರಿದ್ದರು. ಎದುರಿನ ಬಟ್ಟೆ ಅಂಗಡಿಯ ಸಾಹುಕಾರರು ಗೊಂಚಲನ್ನೇ ನೋಡುತ್ತಿದ್ದರು. ‘ಏನ್ರೀ ಇದು? ನಮ್ಮನಿ ಕೀಲಿನೂ ಐತೇನು ಇದರಾಗ?’

‘ಐತ್ರಿ. ಇದು ಮುಂಬಾಗ್ಲದು, ಇದು ತಿಜೂರಿದು. ತಿಜೂರಿ ನಾ ಮುಟ್ಟಿಲ್ಲ. ನಿಮ್ಮನಿ ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಭಾಳ ಚಲೋ ಇರ್ತೈತಿ.’

ಸಾಹುಕಾರರು ಚಪ್ಪಲಿ ಕೈಗೆ ತೆಗೆದುಕೊಂಡರು, ಯಾರೋ ಹಿಡಿದರು. ಆಮೇಲೆ ಒಬ್ಬೊಬ್ಬರಾಗಿ ಮುಂದೆ ಬಂದರು. ಅವನು ಹೆಬ್ಬೆರಳಿನಿಂದ ಸವರಿ ಸವರಿ ಹೇಳುತ್ತಿದ್ದ, ಇದು ನಿಮ್ದು, ಇದು ನಿಮ್ಮ ಅಳಿಯಂದ್ರದು. ಒಂದೂ ತಪ್ಪಲಿಲ್ಲ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ, ಹೆಮ್ಮೆಯಿತ್ತು. ‘ಯಾಕ್ರೀ ಹಿಂಗ್ ಮಾಡಿದ್ರಿ?’ ಎಂದು ನಮ್ಮನೆಯವರು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇದು:

‘ಅಡಿಗಿ ಮಾಡಿದವ ರುಚಿ ನೋಡದ ಇರ್ತಾನೇನ್ರೀ? ಬಾಗ್ಲ ತೆಗಿಯೋನು ನಾನು, ಒಳಗ ಕೂಡೋರು ನೀವು. ಒಮ್ಮೆ ನಾನೂ ಕೂತ್ರೆ ಏನಾತು?’

ಅವತ್ತು ಸಂಜೆಯೊಳಗೆ ನಮ್ಮ ಅಂಗಡಿಯ ಬೀಗಗಳೆಲ್ಲ ಖಾಲಿಯಾದವು. ಆ ವ್ಯಾಪಾರವೂ ನನಗೆ ಹೇಸಿಗೆಯೆನಿಸಿತು.

ಅವನು ಊರು ಬಿಟ್ಟ. ಬಿಟ್ಟಂತೆ ಮಾಡಿದ, ಅಷ್ಟೇ. ಅವನ ಹಿಂದೆಯೇ ಬೀದಿಯಲ್ಲಿ ಕನಿಕರ ಹುಟ್ಟತೊಡಗಿತು. ‘ಒಂಟಿ ಮನುಷ್ಯ, ಮನಿ ಸುಖ ಕಂಡವನಲ್ಲ’ ಅಂದರು. ‘ಕದ್ದಿಲ್ಲ ಬಿಡ್ರಿ, ಅದು ದೊಡ್ಡದು’ ಅಂದರು. ಒಂಟಿ ಅನ್ನುವುದು ಅಕ್ಕನ ಪಾಲಿಗೆ ಕಾಯಿಲೆ, ಅವನ ಪಾಲಿಗೆ ಕ್ಷಮೆ. ಅವನಿಗೂ ಒಂದು ಕೋಣೆಯಿತ್ತು. ಅದಕ್ಕೆ ಊರಿಗೇ ಗಟ್ಟಿಯಾದ ಬೀಗ ಹಾಕಿಕೊಂಡಿದ್ದ. ಅದರೊಳಗೆ ಯಾರೂ ಹೋಗಿ ಅವನ ದಿಂಬಿನ ಮೇಲೆ ಕಾಲಿಟ್ಟಿರಲಿಲ್ಲ.

ಯುಗಾದಿ ಕಳೆದ ಮೇಲೆ ವಾಪಸು ಬಂದ. ಅದೇ ಸಂದಿ, ಅದೇ ವೈಸು. ಮೊದಮೊದಲು ಯಾರೂ ಹತ್ತಿರ ಹೋಗಲಿಲ್ಲ. ಆಮೇಲೆ ಯಾರದೋ ಬೀರು ಕೀ ಮುರಿಯಿತು, ಯಾರದೋ ಹಳೇ ಕಾಲದ ಪೆಟ್ಟಿಗೆಯ ಬೀಗ ಕಚ್ಚಿಕೊಂಡಿತು. ಹೊಸ ಹುಡುಗರ ಮೆಷಿನ್ನಿನಲ್ಲಿ ಆಗದ್ದನ್ನು ಇವನು ಅರ ಹಿಡಿದು ಮಾಡುತ್ತಿದ್ದ. ಚಪ್ಪಲಿ ಎತ್ತಿದ್ದ ಸಾಹುಕಾರರೇ ಒಂದು ದಿನ ಬೀಗ ಹಿಡಿದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ವ್ಯತ್ಯಾಸವೊಂದೇ, ಕೆಲಸ ಮುಗಿಯುವವರೆಗೂ ಈಗ ಪಕ್ಕದಲ್ಲೇ ಕೂತಿರುತ್ತಿದ್ದರು. ನೋಡಿ, ನಾನು ಅವನ ಮೇಲೆ ಉಗುಳಬೇಕಾದದ್ದರಲ್ಲಿ ಅರ್ಧ ಅಲ್ಲಿ ಕೂತಿದ್ದವರಿಗೆ ಸಲ್ಲಬೇಕು.

ನನ್ನ ಕೌಂಟರಿಗೂ ಬಂದ, ಮೂರು ಮೂಲೆಯ ಅರ ಬೇಕೆಂದು.

‘ಇಲ್ಲ’ ಅಂದೆ.

‘ಐತಲ್ರೀ, ಹಿಂದಿನ ಹಲಗಿ ಮ್ಯಾಲೆ ಕಾಣ್ತೈತಿ.’

‘ಐತಿ. ನಿನಗಿಲ್ಲ.’

ನನ್ನ ಬಾಯಿಂದ ಏಕವಚನ ಬಂದದ್ದು ಅದೇ ಮೊದಲು. ಅವನ ಮುಖ ಕಪ್ಪಿಟ್ಟಿತು. ಕೀ ಗೊಂಚಲು ಹೊರಗೆ ಬಂದಾಗ ಆಗದ ಅವಮಾನ ಅವನಿಗೆ ಆಗ ಆಗಿತ್ತು. ‘ಅಂಗಡಿ ಅಂದ್ಮ್ಯಾಲೆ ಮಾರ್ಬೇಕ್ರಿ’ ಅಂದ. ನಮ್ಮನೆಯವರು ಒಳಗಿನಿಂದ ‘ಕೊಟ್ಟು ಕಳಿಸು ಅತ್ಲಾಗ’ ಅಂದರು. ನಾನು ಕೊಡಲಿಲ್ಲ. ಆಮೇಲೆ ಶಿರಾಳಕೊಪ್ಪದಿಂದ ತರಿಸಿಕೊಳ್ಳುತ್ತಿದ್ದನಂತೆ. ಸಾಯುವವರೆಗೂ ನಮ್ಮ ಗೋಡೆಯ ಆಚೆ ಅವನ ಅರದ ಸದ್ದು ಕೇಳುತ್ತಲೇ ಇತ್ತು.

ಅವನು ಸತ್ತ ಸುದ್ದಿಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ನಾನೇ ಸೊರಬಕ್ಕೆ ಹೋದೆ. ಅವಳು ಈಗ ನಿವೃತ್ತಳು, ಪೂರ್ತಿ ಸರ್ವೀಸು ಮುಗಿಸಿಯೇ ಆದಳು. ಬೀಗವಲ್ಲ, ಬಾಗಿಲನ್ನೇ ಬದಲಿಸಿದ್ದಾಳೆ. ಮಂಚ, ಕುರ್ಚಿ, ದಿಂಬು, ಆ ತಟ್ಟೆ ಯಾವುದನ್ನೂ ಉಳಿಸಿಕೊಂಡಿಲ್ಲ. ಭಾವನ ಪಂಚೆಯನ್ನು ಸುಟ್ಟದ್ದು ಮಾತ್ರ ಅವಳಿಗೆ ಇವತ್ತಿಗೂ ಸಂಕಟ.

ಬಸ್ ನಿಲ್ದಾಣಕ್ಕೆ ಬಂದಿದ್ದಳು. ದಾರಿಯಲ್ಲಿ ಸುದ್ದಿ ಹೇಳಿದೆ. ‘ಹೌದಾ’ ಅಂದಳು. ಸೊಪ್ಪು ಕೊಂಡಳು, ಕೊತ್ತಂಬರಿಗೆ ಚೌಕಾಸಿ ಮಾಡಿದಳು.

ಮನೆಯ ಮುಂದೆ ನಿಂತು ಕೀ ಕೈಗೆ ತೆಗೆದುಕೊಂಡಳು. ಬೀಗಕ್ಕೆ ಹಾಕುವ ಮೊದಲು ಬೆರಳ ಗಂಟಿನಿಂದ ಬಾಗಿಲು ತಟ್ಟಿದಳು. ಒಳಗೆ ಯಾರೂ ಇಲ್ಲದ ತನ್ನ ಮನೆಯ ಬಾಗಿಲನ್ನು ತಟ್ಟಿ, ಕಿವಿಗೊಟ್ಟು, ಯಾರಾದರೂ ಎದ್ದು ಹೋಗಲು ಬೇಕಾಗುವಷ್ಟು ಹೊತ್ತು ಕಾದಳು.

‘ಅವನು ಸತ್ತ ಕಣೇ ಅಕ್ಕ’ ಅಂದೆ.

‘ಕೇಳ್ತಲ್ಲೇ, ಈಗಷ್ಟೇ ಹೇಳಿದ್ಯಲ್ಲ’ ಅಂದಳು. ಮತ್ತೊಮ್ಮೆ ತಟ್ಟಿದಳು.